ರಾಜಿಗಿಂತ ಮೊದಲು ದೂರು ಕೇಳಬೇಕು

ಬೆಳಗಾವಿಯ ನಮ್ಮ ಸಭೆಯಲ್ಲಿ ಭಾನುವಾರ ಆರಾಧನೆ ಮುಗಿದ ಮೇಲೆ ಹುಡುಗ ಹುಡುಗಿಯರಿಗೆ ಬೈಬಲ್ ಪಾಠ ನಡೆಸುತ್ತೇನೆ. ಬಣ್ಣ, ಜನಾಂಗ, ನ್ಯಾಯದ ವಿಷಯ ಎತ್ತಿಕೊಂಡಾಗ ಒಬ್ಬ ಕೇಳಿದ: "ಕ್ರಿಸ್ತನೊಳಗ ನಾವೆಲ್ಲಾ ಒಂದ ಅಲ್ರಿ ಅಕ್ಕಾರ, ಇದರಾಗ ಕಲಿಯೂದೇನೈತಿ?" ಬೈಬಲಿನಲ್ಲಿ ಪೌಲ ಗಲಾತ್ಯದವರಿಗೆ ಬರೆದ ಪತ್ರದ ಆ ಮಾತು ನನಗೂ ಜೀವ. ಆದರೆ ಅಲ್ಲಿಂದ ಹೊರಟರೆ ಚರ್ಚೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮೊದಲ ಕ್ರೈಸ್ತರ ಕಥೆ ಹೇಳುವ ಬೈಬಲಿನ ಪುಸ್ತಕ, ಅಪೊಸ್ತಲರ ಕೃತ್ಯಗಳು, ಅದರ 6ನೇ ಅಧ್ಯಾಯದಿಂದ ಶುರು ಮಾಡಿದೆ.

ಅಲ್ಲಿರುವುದು ಅನ್ನದ ತಕರಾರು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿರಲಿಲ್ಲ. ದೂರು ಎದ್ದಾಗ ಸಭೆಯ ಮುಂದಾಳುಗಳಾಗಿದ್ದ ಅಪೊಸ್ತಲರು ಯಾರ ಬಾಯನ್ನೂ ಮುಚ್ಚಿಸಲಿಲ್ಲ. ಏಳು ಜನರನ್ನು ಆರಿಸಿಕೊಳ್ಳಿ ಎಂದರು. ಆ ಹೆಸರುಗಳನ್ನು ಬೋರ್ಡ್ ಮೇಲೆ ಬರೆಸಿದೆ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು! ಹಸಿದವರ ಕಡೆಯವರಿಗೇ ಬಡಿಸುವ ಅಧಿಕಾರ ಸಿಕ್ಕಿತು ಅಂತ ನಾನು ಓದುತ್ತೇನೆ. ಹಿಂದಿನ ಬೆಂಚಿನ ಹುಡುಗಿ, "ನಮ್ಮ ಕಮಿಟಿಯಾಗ ಹಂಗ ಯಾರದಾರ್ರಿ?" ಅಂದಳು. ಆವತ್ತಿನ ಪಾಠ ಅದೇ ಪ್ರಶ್ನೆಯ ಮೇಲೆ ನಡೆಯಿತು.

ಆಮೇಲೆ ದಕ್ಷಿಣ ಆಫ್ರಿಕಾ. 1857ರಲ್ಲಿ ಅಲ್ಲಿಯ ಡಚ್ ರಿಫಾರ್ಮ್ಡ್ ಸಭೆ (ಚರ್ಚ್), ಜೊತೆಗೆ ಕೂರಲು ಒಪ್ಪದ ಕೆಲವು ಬಿಳಿಯರ 'ಬಲಹೀನತೆ'ಯ ಕಾರಣ ಕೊಟ್ಟು, ಬಿಳಿಯರಲ್ಲದವರಿಗೆ ಬೇರೆ ಆರಾಧನೆಗೆ ಒಪ್ಪಿತು. ಬರಬರುತ್ತಾ ಸಭೆಗಳೇ ಬೇರೆಯಾದವು. ಹಾಗೆ ಹೊರಗಿಟ್ಟವರ ಸಭೆಯೇ 1982ರಲ್ಲಿ ಬೆಲ್ಹಾರ್ ಅರಿಕೆ ಎಂಬ ನಂಬಿಕೆಯ ಘೋಷಣೆಯ ಕರಡು ಬರೆದು, 1986ರಲ್ಲಿ ಅಂಗೀಕರಿಸಿತು. ದೇವರು ಅನ್ಯಾಯಕ್ಕೆ ಒಳಗಾದವರ ಪಕ್ಕ ನಿಲ್ಲುತ್ತಾನೆ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ವರ್ಣಭೇದ ಆಡಳಿತ ಮುಗಿದ ಮೇಲೆ, ಅದರ ಅನ್ಯಾಯಗಳನ್ನು ವಿಚಾರಿಸಲು ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಮುಂದಾಳತ್ವದಲ್ಲಿ ನಡೆದ ಸತ್ಯ ಮತ್ತು ಸಮನ್ವಯ ಆಯೋಗದ ಬಗ್ಗೆಯೂ ಓದಿದೆವು. ನೊಂದವರ ಮಾತನ್ನು ದೇಶವೇ ಕೂತು ಕೇಳಿತು. ಆದರೆ ಪರಿಹಾರ ಬಂದದ್ದು 2003ರಲ್ಲಿ, ತಲೆಗೆ 30,000 ರ‍್ಯಾಂಡ್. ಆಯೋಗ ಕೇಳಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಕ್ಷಮಿಸಿ ಅನ್ನುವುದು ಸುಲಭ, ಕೊಡುವಾಗ ಕೈ ಹಿಂದೆ ಬರುತ್ತದೆ. ಇದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಇದೆಲ್ಲ ದೂರದ ಕಥೆಯಾಗಿ ಉಳಿಯಬಾರದು ಅಂತ ಖಾನಾಪುರ ತಾಲ್ಲೂಕಿನ ಸಿದ್ದಿಗಳ ಹಳ್ಳಿಗೆ ಹೋದೆವು. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರ ವಂಶದವರು ಇವರಲ್ಲಿದ್ದಾರೆ. ಕೊಂಡವರೂ ಕ್ರೈಸ್ತರೇ, ದೀಕ್ಷಾಸ್ನಾನ ಕೊಟ್ಟವರೂ ಕ್ರೈಸ್ತರೇ. ಇದನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಿದೆ.

ಅಲ್ಲಿ ಒಬ್ಬ ಅಕ್ಕ ಚಹಾ ಕೊಟ್ಟು, ಒಲೆ ಮುಂದೆ ಕೂತು ಹೇಳಿದರು: "ಬಸ್ಸಿನಾಗ ಯಾವ ದೇಶದವರು ಅಂತ ಕೇಳ್ತಾರ್ರಿ. ನಾವು ಇಲ್ಲಿಯವರ. ನಮ್ಮ ಕುಣಿತ ನೋಡಾಕ ಬಾಳ ಮಂದಿ ಬರ್ತಾರ. ಮಕ್ಕಳ ಜಾತಿ ಸರ್ಟಿಫಿಕೇಟಿಗೆ ಅಡ್ಡಾಡಾಕ ಯಾರೂ ಬರೂದಿಲ್ಲ."

ಉತ್ತರ ಕನ್ನಡದ ಸಿದ್ದಿಗಳು 2003ರಲ್ಲೇ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರು. ಬೆಳಗಾವಿ, ಧಾರವಾಡದವರಿಗೆ ಅದು ಸಿಕ್ಕಿದ್ದು 2020ರ ತಿದ್ದುಪಡಿಯಿಂದ. ಕಾಡು ಒಂದೇ, ನಡುವೆ ಜಿಲ್ಲೆಯ ಗಡಿ ಅಷ್ಟೆ. ಈಗ ನಮ್ಮ ಹುಡುಗರು ಅರ್ಜಿ ತುಂಬಿಸಿ, ನಾಡಕಚೇರಿಗೆ ಜೊತೆಗೆ ಹೋಗುತ್ತಾರೆ. ಪಾಠಕ್ಕಿಂತ ಇದರಲ್ಲೇ ಜಾಸ್ತಿ ಕಲಿತಿದ್ದಾರೆ.

ಮುಂದಿನ ಪಾಠ ಲೂಕ 19, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ ಸುಂಕದವ ಜಕ್ಕಾಯನದು. ಅದನ್ನು ನಡೆಸಿಕೊಡಲು ಆ ಅಕ್ಕ ಒಪ್ಪಿದ್ದಾರೆ. ನಾನು ಹುಡುಗರ ಜೊತೆ ಬೆಂಚಿನ ಮೇಲೆ ಕೂರುತ್ತೇನೆ.