ಹೆಸರು ತಿದ್ದುವ ಮೊದಲು ಜಿಎಸ್‌ಟಿ ನಂಬರು ನೋಡಿ

ಮುಂಬಯಿಯಿಂದ ಚೆಂಬೂರು, ವಾಶಿ, ಪುಣೆ, ಮಡಗಾಂವ್ ತನಕ ಹೋಟೆಲುಗಳಿಗೆ ಕಿರಾಣಿ ಕಳಿಸುವ ನಮ್ಮ ಗಿರಾಕಿ ಪಟ್ಟಿಯಲ್ಲಿ ಹೆಸರುಗಳು ಹೀಗಿದ್ದವು: 'ಶೆಟ್ರು ವಾಶಿ', 'ಗಲ್ಲಾ ಚೆಂಬೂರು', 'ಪೂಜಾರಿ ಅಣ್ಣ ಹೊಸ ನಂಬರ್'. ಎಕ್ಸೆಲ್‌ನಲ್ಲೇ ತಿದ್ದಿದೆ. ಮೂಲ ಕಾಲಮ್ ಹಾಗೇ ಬಿಟ್ಟು ಪಕ್ಕದಲ್ಲಿ ನಾಲ್ಕು ಹೊಸ ಕಾಲಮ್: ಹೋಟೆಲಿನ ಹೆಸರು, ಜಿಎಸ್‌ಟಿಯಲ್ಲಿರುವ ಹೆಸರು, ಫೋನ್ ಎತ್ತುವವರ ಹೆಸರು, ಊರು. ಕಂಡಕ್ಟಿಂಗ್‌ಗೆ, ಅಂದರೆ ಬೇರೆಯವರಿಗೆ ನಡೆಸಲು ಕೊಟ್ಟ ಹೋಟೆಲಿನಲ್ಲಿ ಮಾಲೀಕರೇ ಬೇರೆ, ನಡೆಸುವವರೇ ಬೇರೆ. ಅದಕ್ಕೇ ಎರಡು ಹೆಸರು ಬೇಕು.

ಕಾಣದ ಕಸ ಮೊದಲು. ವೆಬ್‌ಪುಟದಿಂದ ಕಾಪಿ ಮಾಡಿದ ಹೆಸರಿನಲ್ಲಿ 160ನೇ ಕೋಡಿನ ಸ್ಪೇಸ್ ಸೇರಿರಬಹುದು; ಕಾಣಲು ಮಾಮೂಲಿ ಸ್ಪೇಸಿನಂತೆಯೇ, ಆದರೆ ಬೇರೆ ಅಕ್ಷರ. ಹೆಚ್ಚಿನ ಸ್ಪೇಸ್ ತೆಗೆಯುವ ಟ್ರಿಮ್ ಸೂತ್ರ ಅದನ್ನು ತೆಗೆಯುವುದಿಲ್ಲ. ಸಬ್‌ಸ್ಟಿಟ್ಯೂಟ್‌ನಿಂದ ಅದನ್ನು ಮಾಮೂಲಿ ಸ್ಪೇಸ್ ಮಾಡಿ, ಆಮೇಲೆ ಟ್ರಿಮ್. ಕನ್ನಡದಲ್ಲಿ ಬರೆದ ಹೆಸರುಗಳಲ್ಲಿ ಯುನಿಕೋಡ್ 8204 ಮತ್ತು 8205, ಅಂದರೆ ಅಕ್ಷರ ಕೂಡುವುದನ್ನು ನಿಯಂತ್ರಿಸುವ ಕಾಣದ ಗುರುತುಗಳು ಅವಿತಿರಬಹುದು. ಎರಡು 'ಸುರೇಶ್' ಕಣ್ಣಿಗೆ ಒಂದೇ, ಎಕ್ಸೆಲ್‌ಗೆ ಬೇರೆ. ಒಬ್ಬರೇ ಎರಡು ಸಲ ಬಂದಿದ್ದಾರೆಯೇ ಎಂದು ಹೋಲಿಸಲು ಬೇರೆ ಕಾಲಮ್ ಇಟ್ಟು ಅದರಲ್ಲಿ ಮಾತ್ರ ಅವನ್ನು ತೆಗೆಯಿರಿ, ಬಿಲ್ಲಿಗೆ ಹೋಗುವ ಹೆಸರಿನಲ್ಲಿ ಬೇಡ; ಅಕ್ಷರ ಕೂಡಿಕೊಂಡು ರೂಪ ಕೆಡುತ್ತದೆ. ಇಂಗ್ಲಿಷಿನಲ್ಲಿ ಬರೆದ ಗೋವಾದ ಡಿಸೋಜಾಗಳಲ್ಲಿ ನೇರ ಅಪಾಸ್ಟ್ರಫಿ, ಬಾಗಿದ್ದು ಎರಡೂ ಸಿಗುತ್ತವೆ, ಒಂದೇ ಮಾಡಿಕೊಳ್ಳಿ.

ಫೋನ್ ಕಾಲಮ್ ಅನ್ನು ಟೆಕ್ಸ್ಟ್ ಎಂದು ಗುರುತಿಸಿಯೇ ಒಳಗೆ ತನ್ನಿ. 91 ಸೇರಿದ 12 ಅಂಕಿ 9.19 ಇ+11 ಆಗಿ ಕಂಡಾಗ ಸಿಎಸ್‌ವಿ (ಬರೀ ಅಕ್ಷರಗಳ ಫೈಲ್) ಆಗಿ ಉಳಿಸಿದರೆ ನಂಬರು ಹೋಯಿತು. ಬಲಗಡೆಯ 10 ಅಂಕಿ ಇಟ್ಟು ಹೋಲಿಸಿ. ಆದರೆ ಫೋನ್ ಒಂದೇ ಅಂದರೆ ಗಿರಾಕಿ ಒಂದೇ ಅಂತಲ್ಲ. ಮೂರು ಬ್ರಾಂಚಿಗೆ ಒಬ್ಬರೇ ಮ್ಯಾನೇಜರ್ ಇರುತ್ತಾರೆ.

ನಂಬಬೇಕಾದ್ದು ಜಿಎಸ್‌ಟಿ ನಂಬರನ್ನು. ಮೊದಲ ಎರಡು ಅಂಕಿ ರಾಜ್ಯ: ಮಹಾರಾಷ್ಟ್ರ 27, ಗೋವಾ 30. ಮೂರರಿಂದ ಹನ್ನೆರಡರವರೆಗಿನದು ಪ್ಯಾನ್. ಪುಣೆ ಮತ್ತು ಮಡಗಾಂವ್ ಹೋಟೆಲುಗಳ ಈ ಹತ್ತು ಅಕ್ಷರ ಒಂದೇ ಆದರೆ ನೋಂದಣಿ ಮಾಡಿಸಿದವರೂ ಒಬ್ಬರೇ. ಜಿಎಸ್‌ಟಿ ನಂಬರಿನ ಆರನೇ ಅಕ್ಷರ 'ಪಿ' ಇದ್ದರೆ ಅದು ವ್ಯಕ್ತಿ, 'ಎಫ್' ಇದ್ದರೆ ಪಾಲುದಾರಿಕೆ, 'ಸಿ' ಇದ್ದರೆ ಕಂಪನಿ. ವ್ಯಕ್ತಿಯಾದರೆ ಏಳನೆಯದು ಅವರ ಅಡ್ಡಹೆಸರಿನ (ಸರ್‌ನೇಮ್) ಮೊದಲ ಅಕ್ಷರ. ಮರಾಠಿಗರಲ್ಲಿ ಅಡ್ಡಹೆಸರು ಮೊದಲು ಬರೆಯುವ ರೂಢಿಯಿದೆ, ನಮ್ಮವರಲ್ಲಿ ಕೊನೆಗೆ. ಹೆಸರು ಹಿಂದುಮುಂದಾಗಿದೆಯೇ ಎಂದು ಇದರಿಂದ ಹಿಡಿಯಬಹುದು. ಅಡ್ಡಹೆಸರೇ ಇಲ್ಲದವರ ವಿಷಯದಲ್ಲಿ ಮಾತ್ರ ಕೇಳಿಯೇ ತಿಳಿಯಬೇಕು.

ಪೂಜಾರಿ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬರು ಎರಡು 'ಓ' ಹಾಕಿ ಬರೆಯುತ್ತಾರೆ, ಇನ್ನೊಬ್ಬರು 'ಯು'. ಎಲ್ಲರಿಗೂ ಒಂದೇ ಸ್ಪೆಲ್ಲಿಂಗ್ ಹೇರಬೇಡಿ. ಅದು ಅವರ ಹೆಸರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರು ಹಾಕಿದರೆ ನೋಂದಾಯಿತ ಹೆಸರು ಕಾಣುತ್ತದೆ, ಅದನ್ನೇ ಇಡಿ.

ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ವ್ಯವಹಾರ ನಡೆದ ಲೆಡ್ಜರ್ (ಗಿರಾಕಿಯ ಖಾತೆ) ಅಳಿಸಲು ಬರುವುದಿಲ್ಲ. ಸರಿಯಾದ ಹೆಸರು ಕೊಟ್ಟು, 'ಶೆಟ್ರು ವಾಶಿ'ಯನ್ನು ಅಲಿಯಾಸ್ (ಅದೇ ಖಾತೆಯ ಇನ್ನೊಂದು ಹೆಸರು) ಮಾಡಿ. ಬಿಲ್ ಮಾಡುವ ಹುಡುಗ ಹುಡುಕುವುದು ಅದೇ ಹೆಸರಿನಿಂದ.