ಆರ್ಡರ್ ನಾಲ್ಕು ಕಡೆಯಿಂದ ಬರುವ ಕಾಲದಲ್ಲಿ ಅಂಗಡಿ ನಡೆಸೋದು

ನಮ್ಮದು ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಹೋದ ವರ್ಷ ಒಬ್ಬ ಮೇಸ್ತ್ರಿ ಸೈಟಿನಿಂದ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದರು. ಹಿಂದೆ ಕಟಿಂಗ್ ಮಷಿನ್ ಕಿರ್ರ್ ಅಂತಿತ್ತು. ನಮ್ಮ ಹುಡುಗ ಕಿವಿಗಿಟ್ಟು ಕೇಳಿ, ಮುಕ್ಕಾಲು ಇಂಚಿನ ಯುಪಿವಿಸಿ ಪ್ಲಾಸ್ಟಿಕ್ ಎಲ್ಬೋ (ಪೈಪ್ ತಿರುವಿಗೆ ಹಾಕುವ ತುಂಡು) ನಲವತ್ತು ಕಟ್ಟಿ ಆಟೋಗೆ ಹಾಕಿದ. ಅವರು ಹೇಳಿದ್ದು ಸಿಪಿವಿಸಿ, ಅದು ಬೇರೆ ಥರದ ಪ್ಲಾಸ್ಟಿಕ್. ಸೋಲಾರ್ ಬಿಸಿನೀರಿನ ಲೈನಿಗೆ ಬೇಕಾಗಿತ್ತು, ಯುಪಿವಿಸಿ ಬಿಸಿನೀರು ತಡೆಯಲ್ಲ. ಸಾಮಾನು ವಾಪಸ್ ಬಂತು, ಆಟೋ ಬಾಡಿಗೆ ನಮ್ಮ ತಲೆಗೆ, ಮೇಸ್ತ್ರಿ ಬೈಗುಳ ಬೇರೆ.

ತಪ್ಪು ವಾಟ್ಸಾಪ್‌ದಲ್ಲ. ಆರ್ಡರ್ ಬರುವ ರೀತಿ ಬದಲಾಗಿತ್ತು, ನಾವು ಬರೆದುಕೊಳ್ಳುವ ರೀತಿ ಬದಲಾಗಿರಲಿಲ್ಲ, ಅಷ್ಟೇ. ಆಮೇಲೆ ನಾವು ಏನೇನು ಮಾಡಿದೆವು ಅಂತ ಹೇಳ್ತೀನಿ, ನಿಮ್ಮದು ದಿನಸಿ ಅಂಗಡಿಯಾದರೂ ಸೀರೆ ಅಂಗಡಿಯಾದರೂ ಹೆಚ್ಚುಕಡಿಮೆ ಇದೇ ಕಥೆ.

ಮೊದಲ ಕೆಲಸಕ್ಕೆ ಮೊಬೈಲೇ ಬೇಡ. ಒಂದು ವಾರ ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಡಿ. ಫೋನ್, ವಾಟ್ಸಾಪ್, ಇನ್‌ಸ್ಟಾಗ್ರಾಂ, ನೇರವಾಗಿ ಬಂದವರು ಅಂತ ಕಾಲಂ ಹಾಕಿ, ಆರ್ಡರ್ ಬಂದ ಹಾಗೆ ಒಂದೊಂದು ಗೀಟು ಎಳೆಯಿರಿ. ಎಷ್ಟು ಗಂಟೆಗೆ ಬಂತು ಅಂತಲೂ ಬರೆಯಿರಿ. ನಮ್ಮಲ್ಲಿ ಮೇಸ್ತ್ರಿಗಳ ಫೋನ್ ಬೆಳಿಗ್ಗೆ ಏಳರಿಂದ ಒಂಬತ್ತು, ಮನೆ ಕಟ್ಟಿಸುವವರ ಮೆಸೇಜ್ ರಾತ್ರಿ ಊಟ ಆದ ಮೇಲೆ. ಇನ್‌ಸ್ಟಾಗ್ರಾಂ ಕಾಲಂನಲ್ಲಿ ಒಂದು ಗೀಟೂ ಬೀಳಲಿಲ್ಲ. ನಾನೋ ಅದಕ್ಕೆ ರೀಲ್ಸ್ ಮಾಡಿಸೋಣ ಅಂತ ಕೂತಿದ್ದೆ!

ಆಮೇಲೆ ನಂಬರ್. ಅಂಗಡಿಗೆ ಒಂದೇ ನಂಬರ್ ಇರಲಿ, ಸಿಮ್ ಮಾಲೀಕರ ಹೆಸರಲ್ಲೇ ಇರಲಿ. ಹುಡುಗನ ಸ್ವಂತ ನಂಬರಿಗೆ ಗಿರಾಕಿಗಳು ಮೆಸೇಜ್ ಮಾಡ್ತಾ ಇದ್ದರೆ, ಅವನು ಕೆಲಸ ಬಿಟ್ಟ ದಿನ ಗಿರಾಕಿಗಳೂ ಅವನ ಜೊತೆ ಹೋದ ಹಾಗೆ. ಎಷ್ಟೋ ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ: ವ್ಯಾಪಾರದವರಿಗೆ ಅಂತಲೇ ಇರುವ ವಾಟ್ಸಾಪ್ ಬಿಸಿನೆಸ್ ಆ್ಯಪ್‌ಗೆ ಲ್ಯಾಂಡ್‌ಲೈನ್ ನಂಬರನ್ನೂ ಹಾಕಬಹುದು. ಎಸ್ಎಂಎಸ್ ಬದಲು ಕಾಲ್ ಅಂತ ಆರಿಸಿದರೆ ಲ್ಯಾಂಡ್‌ಲೈನಿಗೆ ಫೋನ್ ಬಂದು ಕೋಡ್ ಹೇಳ್ತಾರೆ, ಅದನ್ನು ಟೈಪ್ ಮಾಡಿದರೆ ಆಯ್ತು. ನಮ್ಮ ಬೋರ್ಡ್ ಮೇಲೆ ಅಪ್ಪ ಬರೆಸಿದ್ದ ಹಳೇ ನಂಬರೇ ಈಗ ವಾಟ್ಸಾಪ್ ನಂಬರ್. ಬೋರ್ಡ್ ಪೇಂಟ್ ಖರ್ಚೂ ಉಳಿಯಿತು.

ಅದೇ ಆ್ಯಪ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ. ದಿನಾ ಹತ್ತು ಸಲ ಬರೆಯುವ ಮಾತನ್ನು ಒಂದು ಸಲ ಬರೆದಿಟ್ಟು, ಆಮೇಲೆ ಒಂದು ಓರೆಗೆರೆ (/) ಒತ್ತಿ ಆರಿಸಿಕೊಳ್ಳೋದು. ನಾವು ಮೊದಲು ಬರೆದಿಟ್ಟಿದ್ದು ಇದು: "ಸಾರ್, ಹಳೇ ಪೀಸ್ ಪಕ್ಕ ಟೇಪ್ ಇಟ್ಟು ಫೋಟೋ ಕಳಿಸಿ." ಬರೀ ಫೋಟೋದಲ್ಲಿ ಅರ್ಧ ಇಂಚೋ ಮುಕ್ಕಾಲು ಇಂಚೋ ದೇವರಿಗೇ ಗೊತ್ತು. ಟೇಪ್ ಪಕ್ಕದಲ್ಲಿದ್ದರೆ ಜಗಳವೇ ಇಲ್ಲ.

ಇನ್ನು ವಾಯ್ಸ್ ಮೆಸೇಜ್. ಅದನ್ನು ಬೇಡ ಅನ್ನೋಕೆ ಹೋಗಬೇಡಿ, ಕೈಗೆ ಸಿಮೆಂಟ್ ಮೆತ್ತಿಕೊಂಡವರು ಟೈಪ್ ಹೇಗೆ ಮಾಡ್ತಾರೆ? ಕೇಳಿದ್ದನ್ನು ನೀವೇ ಬರೆದು ವಾಪಸ್ ಕಳಿಸಿ: "ಸಿಪಿವಿಸಿ, ಮುಕ್ಕಾಲು ಇಂಚು, ಎಲ್ಬೋ 40. ಸರಿನಾ?" ಅವರು ಸರಿ ಅನ್ನುವ ತನಕ ಮಾಲು ಕಟ್ಟಬೇಡಿ. ಫೋನಿನಲ್ಲಿ ಬಂದ ಆರ್ಡರಿಗೂ ಹೀಗೇ ಮಾಡಿ. ಟೈಪ್ ಮಾಡೋಕೆ ಬೇಜಾರಾದರೆ ಜಿಬೋರ್ಡ್ ಅನ್ನೋ ಗೂಗಲ್ ಕೀಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ, ಅದೇ ಬರೆದುಕೊಳ್ಳುತ್ತದೆ. ಸೈಜು, ಸಂಖ್ಯೆ ಮಾತ್ರ ಕಣ್ಣಾರೆ ನೋಡಿ ಕಳಿಸಿ. ಈ ಒಂದು ಅಭ್ಯಾಸದಿಂದ ಆದಷ್ಟು ಉಪಯೋಗ ನಮಗೆ ಬೇರೆ ಯಾವುದರಿಂದಲೂ ಆಗಿಲ್ಲ.

ಗಿರಾಕಿಗಳನ್ನೆಲ್ಲ ಸೇರಿಸಿ ಗ್ರೂಪ್ ಮಾಡಬೇಡಿ. ಗ್ರೂಪ್‌ನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ, ಎರಡನೇ ದಿನದಿಂದ ಗುಡ್ ಮಾರ್ನಿಂಗ್ ಹೂವಿನ ಫೋಟೋ ಶುರು. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಒಂದೇ ಮೆಸೇಜ್ ಎಲ್ಲರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಒಂದು ಲಿಸ್ಟಿಗೆ 256 ಜನ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ, ಹಾಗಾಗಿ ಬಿಲ್ ಕೊಡುವಾಗಲೇ "ಸೇವ್ ಮಾಡ್ಕೊಳ್ಳಿ ಅಣ್ಣ" ಅಂತ ಕೇಳಿ. ಪೈಪ್ ರೇಟ್ ಬದಲಾದಾಗ, ಹಬ್ಬಕ್ಕೆ ರಜೆ ಇದ್ದಾಗ ಕಳಿಸಿದರೆ ಸಾಕು. ದಿನಾ ಕಳಿಸಿದರೆ ಬ್ಲಾಕ್ ಮಾಡ್ತಾರೆ, ನಾವೂ ಮಾಡ್ತೀವಿ ಅಲ್ವಾ?

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹಾಕೋದು ಪುಕ್ಕಟೆ. ಆದರೆ ಫೋನ್ ನಂಬರ್, ವಾರದ ರಜೆ ಸರಿ ಇಲ್ಲದಿದ್ದರೆ ಹಾಕದೇ ಇರೋದೇ ವಾಸಿ. ದುಡ್ಡಿನ ವಿಷಯದಲ್ಲಿ ಸ್ಕ್ರೀನ್‌ಶಾಟ್ ನಂಬಬೇಡಿ, ಅದನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ಸೌಂಡ್‌ಬಾಕ್ಸ್ ಕೂಗಿರಬೇಕು, ಇಲ್ಲಾ ಅಕೌಂಟಿನಲ್ಲಿ ದುಡ್ಡು ಕಂಡಿರಬೇಕು. ಚಾಟ್‌ಬಾಟ್ ಮಾರೋಕೆ ಬರುವವರಿಗೆ ಟೀ ಕೊಟ್ಟು ಕಳಿಸಿ, ನಮ್ಮಂಥ ಅಂಗಡಿಗೆ ಅದು ಬೇಡ. ಅರವತ್ತು ದಾಟಿದ ಗಿರಾಕಿಗಳ ಫೋನ್ ಮಾತ್ರ ಮೊದಲಿನ ಹಾಗೇ ಎತ್ತಿ. ಅವರಿಗೆ ಲಿಂಕ್ ಕಳಿಸ್ತೀನಿ ಅನ್ನಬೇಡಿ.

ರಾತ್ರಿ ಬರುವ ಮೆಸೇಜಿಗೆ ಅದೇ ಆ್ಯಪ್‌ನಲ್ಲಿ "ಅವೇ ಮೆಸೇಜ್" (ನಾವಿಲ್ಲದ ಹೊತ್ತಿನ ಉತ್ತರ) ಹಾಕಿಟ್ಟಿದ್ದೀವಿ, ಒಂಬತ್ತರ ನಂತರ ತಾನಾಗೇ ಹೋಗುತ್ತದೆ. ನಾನು "ನಿಮ್ಮ ಸಂದೇಶಕ್ಕೆ ಧನ್ಯವಾದಗಳು" ಅಂತ ಶುರು ಮಾಡಿದ್ದೆ. ಅಪ್ಪ ಓದಿ, ಇದೇನು ಬ್ಯಾಂಕಾ ಅಂತ ಬೈದು ಅಳಿಸಿದರು. ಈಗ ಹೋಗೋದು ಅವರು ಹೇಳಿ ಬರೆಸಿದ್ದು: "ಅಂಗಡಿ ಮುಚ್ಚಿದೆ. ಏನು ಬೇಕು ಬರೆದಿಡಿ, ಬೆಳಿಗ್ಗೆ ಏಳಕ್ಕೆ ನಾನೇ ಫೋನ್ ಮಾಡ್ತೀನಿ." ಏಳಕ್ಕೆ ಸರಿಯಾಗಿ ಮಾಡ್ತಾರೆ ಕೂಡ.