ಏಪ್ರಿಲ್ ತಿಂಗಳ ಶಿಲ್ಕು

ಕೊರೊನಾಕ್ಕೆ ದೇಶವೇ ಬಂದ್ ಆಗಿದ್ದ 2020ರ ಏಪ್ರಿಲ್ 30ರ ರಾತ್ರಿ ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ 8,900 ರೂಪಾಯಿ ಶಿಲ್ಕು, ಅಂದರೆ ಖರ್ಚು ಕಳೆದು ಉಳಿದ ಹಣ, ಬಂತು. ಫೆಬ್ರವರಿಯಲ್ಲಿ ಉಳಿದದ್ದು 3,200. ಮದುವೆಯಾಗಿ ಹದಿನೇಳು ವರ್ಷಗಳಲ್ಲಿ ಒಂದೇ ತಿಂಗಳಿಗೆ ಅಷ್ಟು ಹಣ ಉಳಿದದ್ದು ನನಗೆ ನೆನಪಿಲ್ಲ. ನಮ್ಮ ಮನೆಯವರು ಪುಸ್ತಕದೊಳಗೆ ಇಣುಕಿ, "ನೋಡು, ಮನೆಯಲ್ಲೇ ಕುಳಿತರೆ ಎಷ್ಟು ಉಳಿಯುತ್ತದೆ" ಎಂದು ಸಂತೋಷಪಟ್ಟರು. ನನಗೂ ಸಂತೋಷವಾಯಿತು. ಆದರೆ ಕೂಡಿಸಿ ಕಳೆದ ಮೇಲೆ ಇನ್ನೊಮ್ಮೆ ತಿರುಗಿ ನೋಡುವುದು ನನ್ನ ಅಭ್ಯಾಸ.

ಲೆಕ್ಕ ಬರೆಯುವುದೇ ನನ್ನ ಕಸುಬು. ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಬಟ್ಟೆ ಅಂಗಡಿಗೂ ಒಂದು ಸ್ಟೇಷನರಿ ಅಂಗಡಿಗೂ ಕಿರ್ದಿ, ಖಾತೆ ಬರೆದುಕೊಡುತ್ತೇನೆ. ಮನೆಗೂ ಅದೇ ಪದ್ಧತಿ: ಉದ್ದನೆಯ ರೂಲು ಪುಸ್ತಕ, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಯಜಮಾನರಿಗೆ ಕಾರ್ಖಾನೆಯಿಂದ ಕೈಗೆ 38,000, ನನಗೆ ಎರಡೂ ಅಂಗಡಿಗಳಿಂದ 9,000. ಮನೆಯಲ್ಲಿ ನಾವಿಬ್ಬರು, ಅತ್ತೆ, ಒಂಬತ್ತು ಮುಗಿಸಿ ಹತ್ತಕ್ಕೆ ಹೋಗಬೇಕಾದ ಮಗಳು, ಆರನೆಯ ತರಗತಿಯ ಮಗ. ಏಪ್ರಿಲ್‌ನಲ್ಲಿ ಬಂದದ್ದು ಹಿಂದಿನ ತಿಂಗಳ ಪೂರ್ತಿ ಸಂಬಳ. ಹಾಗಾಗಿ ಜಮಾ 47,000, ಖರ್ಚು 38,100.

ಆ ಖರ್ಚಿನ ಪುಟದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ದಿನಸಿ. ಫೆಬ್ರವರಿಯಲ್ಲಿ 6,800 ಇದ್ದದ್ದು 11,300ಕ್ಕೆ ಏರಿತ್ತು. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ದೇಶವೇ ಬಂದ್ ಎಂದು ಹೇಳಿದಾಗ ನಾನು ಮರುದಿನದ ಯುಗಾದಿಗೆ ಒಬ್ಬಟ್ಟಿನ ಬೇಳೆ ಅಳೆದಿಡುತ್ತಿದ್ದೆ. ಆ ವಾರವೇ ನಂಜನಗೂಡಿನ ಔಷಧ ಕಾರ್ಖಾನೆಯೊಂದರಲ್ಲಿ ಸೋಂಕು ಹಬ್ಬಿದ ಸುದ್ದಿಯೂ ಬಂದು, ಊರಿಗೇ ಹೆದರಿಕೆ ಹಿಡಿಯಿತು. ಮೂಲೆ ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ಚೌಕಗಳೊಳಗೆ ಒಂದೂವರೆ ಗಂಟೆ ನಿಂತು 25 ಕೆಜಿ ಅಕ್ಕಿ, 5 ಕೆಜಿ ತೊಗರಿಬೇಳೆ, 5 ಕೆಜಿ ರವೆ, ಸಿಕ್ಕಷ್ಟು ಎಣ್ಣೆ ಹೊತ್ತು ತಂದೆ. ಮಂಡಿಗೆ ಹೋಗುವಂತಿರಲಿಲ್ಲ, ಅಂಗಡಿಯವರು ಹೇಳಿದ್ದೇ ದರ. ಮೇ ಹೊತ್ತಿಗೆ ರವೆಗೆ ಹುಳು ಬಿದ್ದು ಎರಡು ಕೆಜಿ ಚೆಲ್ಲಬೇಕಾಯಿತು. ಚೆಲ್ಲುವಾಗ ಕೈ ನಡುಗಿತು.

ಅಂಗಡಿಗಳಲ್ಲಿ ವರ್ಷಕ್ಕೊಮ್ಮೆ ಸ್ಟಾಕು ತೆಗೆಯುತ್ತೇವೆ. ಅದನ್ನೇ ಮನೆಯಲ್ಲೂ ಮಾಡಿದೆ. ಡಬ್ಬಿಗಳನ್ನೆಲ್ಲ ಇಳಿಸಿ ತೂಗಿ, ಉಳಿದ ಸಾಮಾನಿಗೆ ಕೊಂಡ ದರ ಕಟ್ಟಿದೆ: 2,200 ರೂಪಾಯಿಯ ಮಾಲು. ಅಂದರೆ ನಾವು ತಂದದ್ದು 11,300, ತಿಂದದ್ದು 9,100. ಈ ಎರಡನ್ನು ಬೇರೆ ಬೇರೆ ಬರೆದದ್ದರಿಂದ ನನಗೆ ಬಹಳ ಉಪಯೋಗವಾಯಿತು. ಊಟದ ಖರ್ಚು ನಿಜವಾಗಿ ಏರಿದ್ದು 2,300. ಯಜಮಾನರ ಮಧ್ಯಾಹ್ನದ ಊಟ ಅದುವರೆಗೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಗುತ್ತಿತ್ತು. ಮಕ್ಕಳು ದಿನವಿಡೀ ಮನೆಯಲ್ಲಿದ್ದರೆ ಎರಡು ಗಂಟೆಗೊಮ್ಮೆ ಡಬ್ಬಿ ತೆಗೆಯುತ್ತಾರೆ. ಹೋಟೆಲು, ಸಿನಿಮಾ, ಹೊರಗಿನ ತಿಂಡಿ ಎಂದು ತಿಂಗಳಿಗೆ 2,400 ಹೋಗುತ್ತಿತ್ತು, ಅದೆಲ್ಲ ಉಳಿಯಿತು ಎಂದುಕೊಂಡಿದ್ದೆವು. ಅದು ಅಡುಗೆಮನೆಗೇ ಬಂದು ಕುಳಿತಿತ್ತು. ಹಾಲು ಒಂದೂವರೆ ಲೀಟರಿನಿಂದ ಎರಡಕ್ಕೆ ಏರಿತು. ನಂದಿನಿ ನೀಲಿ ಪ್ಯಾಕೆಟ್ಟಿಗೆ ಆಗ ಲೀಟರಿಗೆ 37, ಅಂದರೆ ತಿಂಗಳಿಗೆ 1,665 ಇದ್ದದ್ದು 2,220 ಆಯಿತು. ನಲವತ್ತೆರಡು ದಿನ ಬರುತ್ತಿದ್ದ ಸಿಲಿಂಡರ್ ಇಪ್ಪತ್ತೊಂಬತ್ತೇ ದಿನಕ್ಕೆ ಮುಗಿಯಿತು.

ನಿಂತುಹೋದ ಖರ್ಚುಗಳೂ ಇದ್ದವು. ಪೆಟ್ರೋಲು, ಶಾಲೆಯ ವ್ಯಾನು, ಹೋಟೆಲು ಇವು ನಿಜವಾಗಿ ನಿಂತವು, ಹಿಂದಿನ ಬಾಕಿ ಎಂದು ಮುಂದೆ ಕೇಳಲು ಬರುವುದಿಲ್ಲ. ಆದರೆ ಬೆರಳಿಟ್ಟು ಸಾಲು ಸಾಲಾಗಿ ಇಳಿದಂತೆ ಇನ್ನೊಂದು ಬಗೆಯವು ಸಿಕ್ಕವು. ಅವು ಪುಟದಲ್ಲಿ ಇರಲೇ ಇಲ್ಲ, ಇರಬೇಕಾಗಿತ್ತು. ಮಗಳ ಕನ್ನಡಕ ಬದಲಿಸಬೇಕಿತ್ತು, ಕನ್ನಡಕದ ಅಂಗಡಿ ಮುಚ್ಚಿತ್ತು: 2,600. ಸ್ಕೂಟರಿನ ಸರ್ವೀಸು ಮತ್ತು ಹಿಂದಿನ ಟೈರು: 2,200. ಅತ್ತೆಯ ಮೂರು ತಿಂಗಳ ರಕ್ತಪರೀಕ್ಷೆ: 700. ಅವರ ಬಲದವಡೆಯ ಹಲ್ಲಿನ ಹುಳುಕು ತುಂಬಿಸುವುದು: 800. ಏಪ್ರಿಲ್‌ನ ವಿಮಾ ಕಂತಿಗೆ ವಿಮಾ ನಿಯಂತ್ರಣ ಪ್ರಾಧಿಕಾರವೇ ಒಂದು ತಿಂಗಳು ಹೆಚ್ಚಿನ ಅವಧಿ ಕೊಟ್ಟಿತ್ತು, ಕಟ್ಟಿರಲಿಲ್ಲ: 3,450.

ಕೂಡಿಸಿದೆ. 9,750.

ಶಿಲ್ಕು 8,900. ಅಂದರೆ ನಾವು ಸಂತೋಷಪಟ್ಟ ತಿಂಗಳಲ್ಲಿ ನಮಗೆ 850 ರೂಪಾಯಿ ಕೊರತೆ ಬಿದ್ದಿತ್ತು. ಅಂಗಡಿಯ ಲೆಕ್ಕದಲ್ಲಿ ಸಾಮಾನು ಬಂದು ಬಿಲ್ಲಿನ ಹಣ ಕೊಡದಿದ್ದರೆ ಅದನ್ನು ಲಾಭ ಎಂದು ಯಾರೂ ಬರೆಯುವುದಿಲ್ಲ, ಕೊಡಬೇಕಾದ ಬಾಕಿ ಎಂದು ಬರೆಯುತ್ತಾರೆ. ಮನೆಯ ಲೆಕ್ಕದಲ್ಲಿ ಆ ಪುಟ ನಾನು ಯಾವತ್ತೂ ಇಟ್ಟಿರಲಿಲ್ಲ, ಏಕೆಂದರೆ ಅಂದಂದಿನ ಖರ್ಚು ಅಂದಂದೇ ಆಗುತ್ತಿತ್ತು. ಆ ರಾತ್ರಿ ಪುಸ್ತಕದ ಕೊನೆಯಿಂದ ಒಂದು ಹೊಸ ಪುಟ ತೆರೆದು ಮೇಲೆ "ಬಾಕಿ" ಎಂದು ಬರೆದು, ಆ ಐದನ್ನೂ ಪೆನ್ಸಿಲಿನಲ್ಲಿ ಇಳಿಸಿದೆ. ಮುಂದಿನ ಒಂದು ವರ್ಷ ನಮ್ಮ ಸಂಸಾರವನ್ನು ನಡೆಸಿದ್ದು ಆ ಪುಟವೇ.

ಮೇ ತಿಂಗಳು ಯಜಮಾನರ ಸಂಬಳ ನೂರಕ್ಕೆ ಮೂವತ್ತು ಕಡಿತವಾಗಿ 26,600 ಬಂತು. ಬಟ್ಟೆ ಅಂಗಡಿಯಿಂದ ಏನೂ ಇಲ್ಲ, ಸ್ಟೇಷನರಿ ಅಂಗಡಿಯವರು ಅರ್ಧ, 2,000 ಕೊಟ್ಟರು. ಒಟ್ಟು 28,600. ಅದರಲ್ಲಿ ಮನೆಸಾಲದ ಕಂತೇ 14,200. ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಮೇವರೆಗಿನ ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟಿತ್ತು, ಆಮೇಲೆ ಅದನ್ನು ಆಗಸ್ಟ್‌ವರೆಗೆ ಬೆಳೆಸಿತು. ಮೂರು ಕಂತು ನಿಲ್ಲಿಸಿದರೆ 42,600 ಕೈಯಲ್ಲಿ ಉಳಿಯುತ್ತದೆ. "ಎಲ್ಲರೂ ತೆಗೆದುಕೊಳ್ಳುತ್ತಿದ್ದಾರೆ, ನಾವೂ ತೆಗೆದುಕೊಳ್ಳೋಣ" ಎಂದರು ಯಜಮಾನರು. ನಾನು ಒಂದು ಮಧ್ಯಾಹ್ನ ಕುಳಿತು ಲೆಕ್ಕ ಹಾಕಿದೆ. ಅಸಲು 11.4 ಲಕ್ಷ, ಬಡ್ಡಿ ನೂರಕ್ಕೆ 8.5, ಇನ್ನೂ ಸುಮಾರು 119 ಕಂತು. ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ. ಮೂರು ತಿಂಗಳ ಬಡ್ಡಿ ಸುಮಾರು 24,400 ಅಸಲಿಗೆ ಸೇರುತ್ತದೆ, ಅದರ ಮೇಲೆ ಮತ್ತೆ ಹತ್ತು ವರ್ಷ ಬಡ್ಡಿ. ಅದೇ ಕಂತಿನಲ್ಲಿ ತೀರಿಸುತ್ತಾ ಹೋದರೆ ಸಾಲ ಏಳು ತಿಂಗಳು ತಡವಾಗಿ ಮುಗಿಯುತ್ತದೆ, ನಾಲ್ಕು ಕಂತು ಹೆಚ್ಚು ಕಟ್ಟಬೇಕಾಗುತ್ತದೆ. ಹತ್ತಿರ ಹತ್ತಿರ 58,000 ರೂಪಾಯಿ.

ಇದೂ ಬಾಕಿ ಪುಟದ ಸಂಗತಿಯೇ. ಮಗಳ ಹೆಸರಿನಲ್ಲಿ 60,000 ರೂಪಾಯಿಯ ಠೇವಣಿ ಇತ್ತು, ನೂರಕ್ಕೆ ಆರೂವರೆ ಬಡ್ಡಿ. ಎಂಟೂವರೆಯ ಸಾಲ ಬೆಳೆಯಲು ಬಿಟ್ಟು ಆರೂವರೆಯ ಠೇವಣಿ ಕಾಯುವುದರಲ್ಲಿ ಅರ್ಥವಿಲ್ಲ ಎಂದು ಅದನ್ನು ಮುರಿಸಿ, ಮೇಯಿಂದ ಆಗಸ್ಟ್‌ವರೆಗೆ ತಿಂಗಳಿಗೆ ಐದೂವರೆ ಸಾವಿರದಷ್ಟು ಅದರಿಂದ ತುಂಬಿಸಿಕೊಂಡು ಕಂತು ಕಟ್ಟಿದೆ. ಹೀಗೆ ಮಾಡಬಹುದಾದದ್ದು ಠೇವಣಿ ಇದ್ದದ್ದರಿಂದ. ನಮ್ಮ ಬೀದಿಯಲ್ಲೇ ಸಂಬಳ ಪೂರ್ತಿ ನಿಂತ ಮನೆಗಳಿದ್ದವು. ಅವರ ಪಾಲಿಗೆ ಆ ಮುಂದೂಡಿಕೆ ಪ್ರಾಣ ಉಳಿಸಿತು. ಅವರು ತಪ್ಪು ಮಾಡಿದರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕಟ್ಟಲು ಶಕ್ತಿಯಿದ್ದೂ ಬಿಟ್ಟವರಿಗೆ ಅದು ದುಬಾರಿಯಾಯಿತು, ಅಷ್ಟೆ.

ಬಾಕಿ ಪುಟಕ್ಕೆ ನನ್ನ ಮನಸ್ಸಿಗೆ ತೀರ ಕಷ್ಟವಾದ ಸಾಲು ಸೇರಿದ್ದು ಜೂನ್‌ನಲ್ಲಿ. ಮನೆಗೆಲಸಕ್ಕೆ ಬರುತ್ತಿದ್ದಾಕೆಗೆ ತಿಂಗಳಿಗೆ 2,000 ಕೊಡುತ್ತಿದ್ದೆ. ಏಪ್ರಿಲ್, ಮೇ ಎರಡು ತಿಂಗಳು ಆಕೆ ಬರಲಾಗಲಿಲ್ಲ, ಪೂರ್ತಿ ಸಂಬಳ ಕೊಟ್ಟೆ. ಅದನ್ನು ದಾನ ಎಂಬ ತಲೆಬರಹದಡಿ ಬರೆಯಲು ನನಗೆ ಮನಸ್ಸಾಗಲಿಲ್ಲ, ಸಂಬಳ ಎಂದೇ ಬರೆದೆ. ಬರಬೇಡ ಎಂದದ್ದು ಆಕೆಯಲ್ಲ, ನಾವು. ಜೂನ್‌ನಲ್ಲಿ ಮಾತ್ರ ಕೈ ಸೋತಿತು. ಗೇಟಿನಾಚೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಮೂರು ಐನೂರರ ನೋಟು ಮಡಿಸಿ ಕೊಟ್ಟೆ. ಬಿಡಿಸಿ ನೋಡಿದಳು. "ಅಕ್ಕ, ರೇಷನ್ನಿನಲ್ಲಿ ತಲೆಗೆ ಐದು ಕೆಜಿ ಅಕ್ಕಿ ಸಿಕ್ಕಿದೆ, ಜನಧನ್ ಖಾತೆಗೆ ಐನೂರೂ ಬಿದ್ದಿದೆ. ಊಟಕ್ಕೆ ಹೇಗೋ ಆಗುತ್ತದೆ. ಬಾಡಿಗೆಯವರು ಅಕ್ಕಿ ತೆಗೆದುಕೊಳ್ಳುವುದಿಲ್ಲವಲ್ಲ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ, ಆದಾಗ ಸೇರಿಸಿ ಕೊಡಿ" ಎಂದು ಹೊರಟಳು. ಒಳಗೆ ಬಂದು ಬಾಕಿ ಪುಟದಲ್ಲಿ ಆಕೆಯ ಹೆಸರಿನ ಮುಂದೆ 500 ಬರೆದೆ. ಜುಲೈಯಲ್ಲಿ 500, ಆಗಸ್ಟ್‌ನಲ್ಲಿ 500.

ಇವುಗಳ ಜೊತೆಗೆ ಹೊಸ ಖರ್ಚುಗಳು ಬಂದವು. ಮಾರ್ಚ್ ಮೂರನೇ ವಾರದಲ್ಲಿ ಔಷಧದ ಅಂಗಡಿಯವರು ಕೇಳಿದಷ್ಟು ಕೊಟ್ಟು ಸ್ಯಾನಿಟೈಸರ್ ತಂದಿದ್ದೆ. ಆಮೇಲೆ ಕೇಂದ್ರ ಸರ್ಕಾರ 200 ಮಿಲಿಗೆ 100 ರೂಪಾಯಿ, ಮೂರು ಪದರದ ಮಾಸ್ಕಿಗೆ 10 ರೂಪಾಯಿ ಎಂದು ಮಿತಿ ಹಾಕಿತು. ಮಾಸ್ಕುಗಳನ್ನು ಹಳೆಯ ಹತ್ತಿ ಸೀರೆಯಿಂದ ನಾನೇ ಹೊಲಿದೆ, ಕೈಗೆ ಸೋಪು ಸಾಕೆಂದು ತೀರ್ಮಾನಿಸಿದೆ. ಮಗಳ ಆನ್‌ಲೈನ್ ತರಗತಿಗೆ 7,500ರ ಮೊಬೈಲ್ ಕೊಳ್ಳುವುದು ತಪ್ಪಲಿಲ್ಲ. ಶಾಲೆಯವರು ಜೂನ್‌ನಲ್ಲೇ ಪೂರ್ತಿ ಶುಲ್ಕ ಕೇಳಿದರು. ಮೊದಲ ಕಂತು ಮಾತ್ರ ಕಟ್ಟಿ, ಉಳಿದದ್ದಕ್ಕೆ ಸಮಯ ಬೇಕೆಂದು ಪತ್ರ ಬರೆದುಕೊಟ್ಟು ರಶೀದಿ ಪಡೆದೆ. 2021ರ ಜನವರಿ ಕೊನೆಗೆ ಖಾಸಗಿ ಶಾಲೆಗಳು ಆ ವರ್ಷದ ಬೋಧನಾ ಶುಲ್ಕದ ನೂರಕ್ಕೆ ಎಪ್ಪತ್ತು ಭಾಗ ಮಾತ್ರ ಪಡೆಯಬೇಕೆಂದು ರಾಜ್ಯ ಸರ್ಕಾರದ ಆದೇಶ ಬಂದಾಗ ಆ ಪತ್ರ ನನ್ನ ಕೈಹಿಡಿಯಿತು.

ಈಗ ಹಲ್ಲಿನ ವಿಷಯ ಹೇಳಬೇಕು. ಬಾಕಿ ಪುಟದಲ್ಲಿ ಅದಕ್ಕೆ ಬರೆದದ್ದು 800 ರೂಪಾಯಿ, ಎಲ್ಲಕ್ಕಿಂತ ಸಣ್ಣ ಸಾಲುಗಳಲ್ಲಿ ಒಂದು. ಏಪ್ರಿಲ್, ಮೇಯಲ್ಲಿ ದಂತವೈದ್ಯರು ತೀರ ತುರ್ತಿನವರನ್ನು ಬಿಟ್ಟು ಯಾರನ್ನೂ ನೋಡುತ್ತಿರಲಿಲ್ಲ. ಅತ್ತೆ ಲವಂಗದ ಎಣ್ಣೆಯಲ್ಲಿ ಹತ್ತಿ ಅದ್ದಿ ದವಡೆಗೆ ಇಟ್ಟುಕೊಳ್ಳುತ್ತಿದ್ದರು. ಜೂನ್‌ನಲ್ಲಿ ಕ್ಲಿನಿಕ್ಕುಗಳು ತೆರೆದವು. ಆಗ ನಮ್ಮ ಕೈಯಲ್ಲಿ ದುಡ್ಡಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ನಾನು ಕೇಳಿದಾಗಲೆಲ್ಲ, "ಈಗ ನೋವಿಲ್ಲಮ್ಮ" ಎನ್ನುತ್ತಿದ್ದರು. ನಾನು ಅದನ್ನು ನಂಬಿದೆ, ಏಕೆಂದರೆ ನಂಬುವುದು ನನಗೆ ಅನುಕೂಲವಾಗಿತ್ತು. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಅಡುಗೆಮನೆಯಲ್ಲಿ ದೀಪ ಹಾಕದೆ, ಕೆನ್ನೆಗೆ ಬಿಸಿನೀರಿನ ಲೋಟ ಒತ್ತಿಕೊಂಡು ಕುಳಿತಿದ್ದರು. ಅಷ್ಟು ಹೊತ್ತಿಗೆ ನವೆಂಬರ್. ಎರಡು ಹಲ್ಲು ಕೀಳಿಸಿ, ಕೀವಿಗೆ ಔಷಧ ಕೊಡಿಸಿ, ಕಟ್ಟು ಹಲ್ಲು ಮಾಡಿಸುವ ಹೊತ್ತಿಗೆ 9,400 ಆಯಿತು.

ಮುಂದೂಡಿದ ಖರ್ಚುಗಳೆಲ್ಲ ಹೀಗೇ ಬೆಳೆಯಲಿಲ್ಲ. ವಿಮಾ ಕಂತು 3,450 ಮೇಯಲ್ಲಿ ಅಷ್ಟೇ ಹೋಯಿತು. ಕನ್ನಡಕವೂ ಜೂನ್‌ನಲ್ಲಿ 2,600ಕ್ಕೇ ಆಯಿತು. ನಿಂತಲ್ಲೇ ನಿಂತ ಸ್ಕೂಟರಿನ ಬ್ಯಾಟರಿ ಸತ್ತು 2,200 ಎಂದದ್ದು 3,900 ಕೇಳಿತು. ರಕ್ತಪರೀಕ್ಷೆ ಆಗಸ್ಟ್‌ನಲ್ಲಿ ಮಾಡಿಸಿದಾಗ ಅತ್ತೆಯ ಸಕ್ಕರೆ ಏರಿತ್ತು, ಅಂದಿನಿಂದ ಮಾತ್ರೆಗೆ ತಿಂಗಳಿಗೆ 450 ಹೆಚ್ಚು. ಇದನ್ನು ನೋಡಿದ ಮೇಲೆ ಬಾಕಿ ಪುಟಕ್ಕೆ ಇನ್ನೊಂದು ಗೆರೆ ಎಳೆದೆ: ಇಟ್ಟರೆ ಇದ್ದಷ್ಟೇ ಇರುವವು ಒಂದು ಕಡೆ, ಇಟ್ಟರೆ ಬೆಳೆಯುವವು ಇನ್ನೊಂದು ಕಡೆ. ದೇಹಕ್ಕೆ ಸಂಬಂಧಿಸಿದ್ದು, ಸಾಲ, ಯಂತ್ರ, ಸೋರುವ ನಲ್ಲಿ ಎರಡನೆಯ ಕಡೆಗೆ. ಬಟ್ಟೆ, ಪಾತ್ರೆ, ಗೋಡೆಯ ಬಣ್ಣ ಮೊದಲನೆಯ ಕಡೆಗೆ. ಕೈಗೆ ಹಣ ಬಂದ ದಿನ ಮೊದಲು ನೋಡುತ್ತಿದ್ದದ್ದು ಎರಡನೆಯ ಕಡೆಯನ್ನು. ಮನೆಗೆಲಸದಾಕೆಯ ಸಾಲನ್ನು ಯಾವ ಕಡೆಗೆ ಬರೆಯಬೇಕೆಂದು ಬಹಳ ಯೋಚಿಸಿದೆ. ನನ್ನ ಪಾಲಿಗೆ ಅದು ಬೆಳೆಯುವುದಿಲ್ಲ, 1,500 ಅಷ್ಟೇ. ಆದರೆ ಆಕೆ ಬಾಡಿಗೆಗೆ ಕೈಸಾಲ ಮಾಡಿದ್ದಳು, ಬೀದಿಯ ಬಡ್ಡಿಗೆ. ಅಲ್ಲಿ ಬೆಳೆಯುತ್ತಿತ್ತು. ಎರಡನೆಯ ಕಡೆಗೇ ಬರೆದೆ. ಪೂರ್ತಿ ಸಂಬಳ ಸೆಪ್ಟೆಂಬರ್‌ನಲ್ಲಿ ಮರಳಿದಾಗ ಆಕೆಯ ತಿಂಗಳ ಹಣವನ್ನೂ ಮೊದಲಿನಂತೆ ಮಾಡಿದೆ, ಹಳೆಯ ಬಾಕಿ ತೀರಿದ್ದು ಮಾತ್ರ ಜನವರಿಯಲ್ಲಿ. ಇನ್ನೂ ಬೇಗ ಕೊಡಬಹುದಿತ್ತು.

2021ರ ಏಪ್ರಿಲ್ 26ರಂದು ಮತ್ತೆ ಹದಿನಾಲ್ಕು ದಿನ ಬಂದ್ ಎಂದು ಮುಖ್ಯಮಂತ್ರಿಗಳು ಘೋಷಿಸಿದರು, ಮರುದಿನ ರಾತ್ರಿ ಒಂಬತ್ತರಿಂದ. ಬೆಳಿಗ್ಗೆ ಆರರಿಂದ ಹತ್ತರವರೆಗೆ ದಿನಸಿ ಸಿಗುತ್ತದೆ ಎಂದಿದ್ದರು. 27ರಂದು ಮೂಲೆ ಅಂಗಡಿಯ ಮುಂದೆ ಹಿಂದಿನ ವರ್ಷದಂತೆಯೇ ಸಾಲು ಬೆಳೆದಿತ್ತು. ನಾನು ಅದನ್ನು ದಾಟಿ ಮುಂದೆ ಹೋದೆ. ಡಬ್ಬಿಗಳನ್ನು ಹಿಂದಿನ ರಾತ್ರಿಯೇ ತೂಗಿದ್ದೆ, ಹನ್ನೆರಡು ದಿನಕ್ಕೆ ಸಾಕಾಗುವಷ್ಟಿತ್ತು. ಬೆಳಿಗ್ಗೆ ಅತ್ತೆಯ ರಕ್ತಪರೀಕ್ಷೆ ಮಾಡಿಸಿ, ಎರಡು ತಿಂಗಳ ಮಾತ್ರೆ ಕೊಂಡೆ. ಸ್ಕೂಟರನ್ನು ಗ್ಯಾರೇಜಿಗೆ ಬಿಟ್ಟು ಮಧ್ಯಾಹ್ನ ವಾಪಸು ತಂದೆ. ಸಂಜೆ ಮನೆಗೆಲಸದಾಕೆಗೆ ಏಪ್ರಿಲ್‌ನದೂ ಮೇಯದೂ ಸೇರಿಸಿ ಎಂಟು ಐನೂರರ ನೋಟು ಎಣಿಸಿ ಕೊಟ್ಟೆ. ಆ ತಿಂಗಳು ಶಿಲ್ಕು 310 ರೂಪಾಯಿ. ಬಾಕಿ ಪುಟ ಖಾಲಿ ಇತ್ತು.